ಹಿತ್ತಲಿಲ್ಲದವರಿಗೆ ಕೈತೋಟದ ಉಪದೇಶ

ತರಕಾರಿಯ ಬೆಲೆ ಏರಿದಾಗಲೆಲ್ಲ ಈ ದೇಶದ ಅಧಿಕಾರಾರೂಢರಿಗೆ ಬಡವರ ಹಿತ್ತಲು ನೆನಪಾಗುತ್ತದೆ. 2023ರ ಜುಲೈನಲ್ಲಿ ಟೊಮ್ಯಾಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಉತ್ತರ ಪ್ರದೇಶದ ಸಚಿವೆಯೊಬ್ಬರು, ಜನರು ಅದನ್ನು ಮನೆಯಲ್ಲೇ ಬೆಳೆದುಕೊಳ್ಳಬೇಕು, ತಿನ್ನುವುದನ್ನು ಬಿಟ್ಟರೆ ಬೆಲೆ ತಾನಾಗಿ ಇಳಿಯುತ್ತದೆ ಎಂದು ಅಪ್ಪಣೆ ಕೊಡಿಸಿದರು. ಎಲ್ಲಿ ಬೆಳೆಯಬೇಕು, ಯಾವ ನೀರಿನಲ್ಲಿ ಬೆಳೆಯಬೇಕು ಎಂಬುದನ್ನು ಮಾತ್ರ ಹೇಳಲಿಲ್ಲ. ಆ ಎರಡು ಪ್ರಶ್ನೆಗಳನ್ನು ನಾವು ಇಂದು ಕೇಳಬಯಸುತ್ತೇವೆ.

ನಾವು ಕೈತೋಟದ ವಿರೋಧಿಗಳಲ್ಲ. ಹಳ್ಳಿಯಿಂದ ಗಿರಣಿಗೆ ಬಂದ ನಮ್ಮ ಜನಕ್ಕೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ಮೃಗಶಿರಾ ಮಳೆ ಬಿದ್ದೊಡನೆ ದಂಟು, ಬೆಂಡೆ, ಬದನೆ, ಹೀರೆ. ಶ್ರಾವಣಕ್ಕೆ ಅವರೆ ಬೀಜ ಊರಿದರೆ ಮಾಗಿಯ ಇಬ್ಬನಿಯಲ್ಲಿ ಸೊಗಡಿನ ಕಾಯಿ. ದೀಪಾವಳಿ ಕಳೆದ ಮೇಲೆ ಕೊತ್ತಂಬರಿ, ಮೂಲಂಗಿ, ಮೆಂತ್ಯ. ಮೆಂತ್ಯವಂತೂ ತಿಂಗಳೊಳಗೆ ಕೀಳಲು ಬರುತ್ತದೆ. ಬೇಸಿಗೆಯಲ್ಲಿ ಬಚ್ಚಲ ನೀರಿಗೆ ಬಸಳೆ ಹಬ್ಬುತ್ತದೆ. ನುಗ್ಗೆಯ ಒಂದು ಕೊಂಬೆಯನ್ನು ನೆಟ್ಟರೆ ಅದು ಚಿಗುರಿ ಮರವಾಗಿ ವರ್ಷವಿಡೀ ಸೊಪ್ಪು ಕೊಡುತ್ತದೆ.

ಬೆಳೆದದ್ದನ್ನು ಉಣ್ಣುವುದನ್ನೂ ನಮ್ಮ ಹೆಂಗಸರು ಯಾರಿಂದಲೂ ಕಲಿಯಬೇಕಾಗಿಲ್ಲ. ಬೇಳೆಯೊಡನೆ ದಂಟಿನ ಸೊಪ್ಪು ಬೇಯಿಸಿ, ಬಸಿದ ಕಟ್ಟಿನಿಂದ ಬಸ್ಸಾರು ಮಾಡಿ, ಉಳಿದ ಸೊಪ್ಪಿಗೆ ಒಗ್ಗರಣೆ ಕೊಟ್ಟು ಪಲ್ಯ ಮಾಡುವವಳು ಒಂದೇ ಉರಿಯಲ್ಲಿ ಎರಡು ಅಡುಗೆ ಮುಗಿಸುತ್ತಾಳೆ. ಸೊಪ್ಪಿನ ಸಾರ ಚರಂಡಿ ಸೇರದೆ ಮಕ್ಕಳ ಹೊಟ್ಟೆ ಸೇರುತ್ತದೆ. ಎಳೆ ಬದನೆಯ ಎಣ್ಣೆಗಾಯಿ, ಜೋಳದ ರೊಟ್ಟಿ ಇದ್ದ ಮನೆಯಲ್ಲಿ ಊಟಕ್ಕೆ ಕೊರತೆಯೆಂಬ ಮಾತಿಲ್ಲ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಸೊಪ್ಪೊಂದೇ ಇದಕ್ಕೆ ಮದ್ದೆಂದು ನಾವು ಹೇಳುವುದಿಲ್ಲ. ಆದರೆ ಸೊಪ್ಪೂ ಕಾಣದ ತಟ್ಟೆಯಿಂದ ರಕ್ತ ಎಲ್ಲಿಂದ ಬರಬೇಕು?

ಇನ್ನು ಲೆಕ್ಕಕ್ಕೆ ಬರೋಣ. ಬಡವನಿಗೆ ದೊರೆಯುವ ನಿವೇಶನ 20 ಅಡಿಗೆ 30 ಅಡಿ. ಅಂದರೆ 600 ಚದರಡಿ. ಒಂದು ಗುಂಟೆಗೆ 1089 ಚದರಡಿ. ಆದ್ದರಿಂದ ಅಡುಗೆಮನೆ, ಬಚ್ಚಲು, ಮಲಗುವ ಜಾಗ ಎಲ್ಲವೂ ಅರ್ಧ ಗುಂಟೆಗಿಂತ ಚೂರು ಹೆಚ್ಚಿನ ನೆಲದಲ್ಲಿ ಮುಗಿಯಬೇಕು. ಬಾಡಿಗೆಯ ಸಾಲುಮನೆಯಲ್ಲಿರುವವನಿಗೆ ಅದೂ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತದೆ ಗಾದೆ. ಹಿತ್ತಲೇ ಇಲ್ಲದವನಿಗೆ ಆ ಗಾದೆಯೂ ದಕ್ಕದು. ಬಯಲುಸೀಮೆಯ ಎಷ್ಟೋ ಊರುಗಳಲ್ಲಿ ಬೇಸಿಗೆ ಬಂತೆಂದರೆ ನಲ್ಲಿಯ ನೀರು ವಾರಕ್ಕೊಮ್ಮೆ. ಕೊಡ ಹೊರುವವಳು ಹೆಣ್ಣು. ಗಿಡಕ್ಕೆ ನೀರೆರೆಯಿರಿ ಎಂದು ಉಪದೇಶಿಸುವವರು ಅವಳ ಸೊಂಟದ ಮೇಲೆ ಇನ್ನೊಂದು ಕೊಡ ಇಡುತ್ತಿದ್ದಾರೆ, ಅಷ್ಟೆ. ಹೊತ್ತಾದರೂ ಉಂಟೇ? ದಿನಕ್ಕೆ 12 ಗಂಟೆಯವರೆಗೆ ದುಡಿಸಲು ಎಡೆಗೊಡುವ ತಿದ್ದುಪಡಿಯನ್ನು 2023ರಲ್ಲಿ ಅಂಗೀಕರಿಸಿದ್ದು ನಮ್ಮದೇ ವಿಧಾನಮಂಡಲ. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವವನು ಕಳೆ ಕೀಳುವುದು ಯಾವಾಗ?

1965ರಲ್ಲಿ ದೇಶಕ್ಕೆ ಆಹಾರದ ಕೊರತೆ ಬಂದಾಗ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ವಾರಕ್ಕೆ ಒಂದು ಹೊತ್ತಿನ ಊಟ ಬಿಡಿರೆಂದು ಕರೆಯಿತ್ತರು. ತಮ್ಮ ನಿವಾಸದ ಹುಲ್ಲುಹಾಸನ್ನೇ ಉತ್ತು ತೋರಿಸಿದರು. ಅವರ ಪ್ರಾಮಾಣಿಕತೆಯನ್ನು ನಾವು ಶಂಕಿಸುವುದಿಲ್ಲ. ಆದರೆ ಅವರಿಗೆ ಉಳಲು ಹುಲ್ಲುಹಾಸಿತ್ತು. ನಮ್ಮ ಕೂಲಿಗಾರನ ಬಾಗಿಲ ಮುಂದೆ ಇರುವುದು ಚರಂಡಿ.

ಇದಕ್ಕೆ ದಾರಿಯಿಲ್ಲವೆಂದು ಯಾರೂ ಹೇಳದಿರಲಿ. ಬಂಡವಾಳಶಾಹಿಯ ತವರಾದ ಇಂಗ್ಲೆಂಡಿನಲ್ಲೇ 1908ರಲ್ಲಿ ಒಂದು ಕಾನೂನು ಆಯಿತು. ಊರಿನ ಆರು ಮಂದಿ ಕೂಡಿ ಕೈತೋಟದ ಜಾಗ ಬೇಕೆಂದು ಬರೆದುಕೊಟ್ಟರೆ ಸ್ಥಳೀಯ ಸಂಸ್ಥೆ ಅದನ್ನು ಪರಿಗಣಿಸಲೇಬೇಕು. ಬೇಡಿಕೆ ನಿಜವಾದರೆ ಜಾಗ ಒದಗಿಸಿ ಬಾಡಿಗೆಗೆ ಕೊಡಬೇಕು. ಅಲ್ಲಿನ ರೂಢಿಯ ಒಂದು ತುಂಡು ಸುಮಾರು 250 ಚದರ ಮೀಟರು. ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ನಮ್ಮಲ್ಲಿ ಆದದ್ದೇನು? 1974ರ ತಿದ್ದುಪಡಿ ಗೇಣಿದಾರನಿಗೆ ಭೂಮಿ ಕೊಟ್ಟಿತು. 2020ರ ತಿದ್ದುಪಡಿ ಕೃಷಿಕನಲ್ಲದ ಹಣವಂತನೂ ಹೊಲ ಕೊಳ್ಳಬಹುದೆಂದಿತು. ದುಡ್ಡಿದ್ದವನಿಗೆ ಎಕರೆಗಟ್ಟಲೆ ಬಾಗಿಲು ತೆರೆದವರಿಗೆ, ದುಡಿಯುವವನಿಗೆ ಅರ್ಧ ಗುಂಟೆ ಕೊಡುವ ಕಾನೂನು ಹೊಳೆಯಲಿಲ್ಲ.

ಸಣ್ಣ ವ್ಯಾಪಾರಿ ಬಂಧುಗಳಲ್ಲಿ ಕೆಲವರು, ಎಲ್ಲರೂ ಮನೆಯಲ್ಲೇ ಬೆಳೆದುಕೊಂಡರೆ ನಮ್ಮ ಗತಿಯೇನು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅರ್ಧ ಗುಂಟೆಯಲ್ಲಿ ಬೇಳೆ, ಎಣ್ಣೆ, ಉಪ್ಪು, ಮೆಣಸಿನಕಾಯಿಯ ಮೂಟೆ ಬೆಳೆಯುವುದಿಲ್ಲ. ಮನೆಗೆ ಸಾಲುವಷ್ಟು ಈರುಳ್ಳಿ, ಆಲೂಗೆಡ್ಡೆಯೂ ಬೆಳೆಯುವುದಿಲ್ಲ. ಅವಕ್ಕೆ ನಿಮ್ಮ ಅಂಗಡಿಯೇ ಗತಿ. ಸೊಪ್ಪಿನ ಕಾಸು ಉಳಿದವನು ನಿಮ್ಮ ಉದ್ರಿ ಖಾತೆಯನ್ನು ಬೇಗ ತೀರಿಸುತ್ತಾನೆ. ಬುಟ್ಟಿ ಹೊತ್ತು ಸೊಪ್ಪು ಮಾರುವ ಮುದುಕಿಗೆ ಒಂದಿಷ್ಟು ಗಿರಾಕಿ ತಪ್ಪುವುದು ನಿಜ. ಅದಕ್ಕಾಗಿ ಮೊದಲ ತುಂಡು ನೆಲ ಅವಳ ಹೆಸರಿಗೇ ಸಿಗಬೇಕೆಂಬುದು ನಮ್ಮ ಹಟ. ದರ ಬಿದ್ದ ವರ್ಷ ರೈತ ಟೊಮ್ಯಾಟೊವನ್ನು ರಸ್ತೆಗೆ ಸುರಿಯುತ್ತಾನೆ, ದರ ಏರಿದ ವರ್ಷ ಕೂಲಿಗಾರ ಅದಿಲ್ಲದೆ ಸಾರು ಮಾಡುತ್ತಾನೆ. ನಡುವೆ ಎರಡು ವರ್ಷವೂ ಲಾಭ ಎಣಿಸುವವನು ಮಂಡಿಯ ದೊಡ್ಡ ಕುಳವೇ ಹೊರತು, ತಳ್ಳುಗಾಡಿಯವನಲ್ಲ, ಬುಟ್ಟಿಯವಳೂ ಅಲ್ಲ.

ನಮ್ಮ ಬೇಡಿಕೆಗಳು ಇವು. ಊರೊಳಗೆ ಖಾಲಿ ಬಿದ್ದಿರುವ ಸಾರ್ವಜನಿಕ ನೆಲದಲ್ಲಿ, ಕೇಳಿದ ಪ್ರತಿಯೊಂದು ದುಡಿಯುವ ಕುಟುಂಬಕ್ಕೂ ಅರ್ಧ ಗುಂಟೆಯನ್ನು ಹೆಸರಿಗಷ್ಟೇ ಬಾಡಿಗೆಗೆ ಕೊಡಬೇಕು. ಅಲ್ಲಿಗೆ ನೀರಿನ ಕೊಳವೆ ಎಳೆಯಬೇಕು. ತೋಟಗಾರಿಕೆ ಇಲಾಖೆ ಬಿತ್ತನೆಯ ಕಾಲ ಮುಗಿಯುವುದಕ್ಕೆ ಮೊದಲು ಬೀಜ ಹಂಚಬೇಕು. ಎಂಟು ಗಂಟೆಗಿಂತ ಹೆಚ್ಚು ಯಾರನ್ನೂ ದುಡಿಸಬಾರದು.

ಇದು ಭಿಕ್ಷೆಯಲ್ಲ. ಊರಿನ ನೆಲ ಊರಿನವರದು. ಪ್ರತಿ ಬೀದಿಯಲ್ಲೂ ಆರು ಮಂದಿ ಸೇರಿರಿ. ಅದರಲ್ಲಿ ಮೂವರು ಹೆಂಗಸರಿರಲಿ. ನಿಮ್ಮ ಬೀದಿಯ ಸುತ್ತ ಖಾಲಿ ಬಿದ್ದಿರುವ ನೆಲವನ್ನು ಗುರುತಿಸಿ, ಅರ್ಜಿ ಬರೆದು ನಗರಸಭೆಯಲ್ಲಿ ಕೊಟ್ಟು ರಸೀದಿ ಪಡೆಯಿರಿ. ಬರುವ ಮೃಗಶಿರಾ ಮಳೆಗೆ ಮೊದಲು ಉತ್ತರ ಬಾರದಿದ್ದರೆ, ಬೀಜದ ಗಂಟು ಹಿಡಿದು ನಗರಸಭೆಯ ಬಾಗಿಲಿಗೆ ಎಲ್ಲರೂ ಒಟ್ಟಾಗಿ ಹೋಗೋಣ.