ನೇರಳೆ ಬಣ್ಣದ ಬೆಟ್ಟ

ಎರಡು ತ್ರಿಕೋನದ ಬೆಟ್ಟ, ಮಧ್ಯೆ ಸೂರ್ಯ, ಕೆಳಗೊಂದು ಹೊಳೆ, ಪಕ್ಕದಲ್ಲಿ ಹೆಂಚಿನ ಮನೆ, ಬಾಗಿದ ತೆಂಗಿನ ಮರ. ಚಿಕ್ಕವರಿದ್ದಾಗ ನೀವೂ ಇದನ್ನೇ ಬರೆದಿರ್ತೀರಿ. ಎರಡನೇ ಕ್ಲಾಸಿನ ನನ್ನ ಮಗಳೂ ಇದನ್ನೇ ಬರೀತಾಳೆ. ಆದರೆ ನಮ್ಮನೆ ಇರೋದು ಮೈಸೂರಲ್ಲಿ. ಟೆರೇಸ್ ಹತ್ತಿದರೆ ಎದುರಿಗೇ ಚಾಮುಂಡಿ ಬೆಟ್ಟ. ಅದಕ್ಕೆ ಚೂಪು ತುದಿಯೂ ಇಲ್ಲ, ಬುಡದಲ್ಲಿ ಹೊಳೆಯೂ ಇಲ್ಲ.

ಹೋದ ತಿಂಗಳು ಒಂದು ಭಾನುವಾರ, "ಬೆಟ್ಟ ಹೀಗಿರುತ್ತೇನೇ ಪುಟ್ಟಿ?" ಅಂತ ಅವಳ ಪೆನ್ಸಿಲ್ ತಗೊಂಡು ನಾನೇ ತಿದ್ದಿ ತೋರಿಸಿದೆ. "ಇದು ನಿನ್ ಬೆಟ್ಟ ಅಪ್ಪ, ನೀನೇ ಬಣ್ಣ ಹಾಕು" ಅಂದು ಎದ್ದು ಹೋದಳು. ಎರಡು ವಾರ ಡ್ರಾಯಿಂಗ್ ಬುಕ್ ಮುಟ್ಟಲಿಲ್ಲ. ಆಫೀಸಲ್ಲಿ ನನ್ನ ಕೆಲಸವನ್ನ ಯಾರಾದ್ರೂ ಹೀಗೆ ಕಿತ್ಕೊಂಡು ತಿದ್ದಿದರೆ ಎಷ್ಟು ಉರಿಯುತ್ತೆ ಅಂತ ಗೊತ್ತಿದ್ದೂ ಹಾಗೆ ಮಾಡಿದ್ದೆ.

ಕಡೆಗೆ ನೆರವಿಗೆ ಬಂದವರು ಜಪಾನಿನ ಕಲಾವಿದ ಹೊಕುಸಾಯಿ. 1830ರ ಆಸುಪಾಸಿನಲ್ಲಿ, ತಮ್ಮ 70ರ ವಯಸ್ಸಿನಲ್ಲಿ, ಅವರು 'ಫ್ಯೂಜಿ ಪರ್ವತದ 36 ನೋಟಗಳು' ಅನ್ನೋ ಮರದಚ್ಚಿನ ಚಿತ್ರಮಾಲೆ ಶುರು ಮಾಡಿದರು. ಆಮೇಲೆ ಇನ್ನೂ 10 ಸೇರಿ ಒಟ್ಟು 46 ಆದವು. ಇರೋದು ಒಂದೇ ಬೆಟ್ಟ. ಒಂದರಲ್ಲಿ ದೈತ್ಯ ಅಲೆಯ ಹಿಂದೆ ಪುಟ್ಟದಾಗಿ ಕೂತಿದೆ. ಇನ್ನೊಂದರಲ್ಲಿ ಬೆಟ್ಟವೆಲ್ಲ ಕೆಂಪು, ಬುಡದಲ್ಲಿ ಹಸಿರು, ಹಿಂದೆ ನೀಲಿ ಆಕಾಶ, ಬಿಳಿ ಮೋಡ. ಮತ್ತೊಂದರಲ್ಲಿ ತಳವಿಲ್ಲದ ದೊಡ್ಡ ಪೀಪಾಯಿಯ ಒಳಗಿಂದ ಕಾಣುತ್ತೆ.

ಫೋನಿನಲ್ಲಿ ಅದನ್ನ ತೋರಿಸಿದ್ದೇ ತಡ, "ನೋಡು, ಈ ತಾತಂದೂ ತ್ರಿಕೋನವೇ!" ಅಂದಳು. ನಾನು ಬಾಯಿ ಮುಚ್ಚಿಕೊಂಡೆ.

ಮುಂದಿನ ಭಾನುವಾರ ಇಬ್ಬರೂ ಟೆರೇಸ್ ಹತ್ತಿದೆವು. ಐದು ನಿಮಿಷ ಬರೀ ನೋಡೋದು. ಆಮೇಲೆ ನಂದು ಒಂದೇ ಪ್ರಶ್ನೆ: "ನಿಂಗೆ ಮೊದಲು ಕಂಡಿದ್ದೇನು?" ಅದನ್ನ ದೊಡ್ಡದಾಗಿ ಮಾಡಬೇಕು, ಬೇಡವಾದದ್ದನ್ನ ಬಿಟ್ಟುಬಿಡಬಹುದು. ಮೂರೇ ಬಣ್ಣ, ರಬ್ಬರ್ ಇಲ್ಲ. ಪೆನ್ಸಿಲ್ ಬದಲು ಬಣ್ಣದ ಕಾಗದ, ಅದನ್ನೂ ಕೈಯಲ್ಲೇ ಹರಿಯಬೇಕು. ಹರಿದ ಅಂಚು ತಾನಾಗಿ ದೂರದ ಮರಗಳ ಸಾಲಿನ ಹಾಗೆ ಕಾಣುತ್ತೆ. ಮೊದಲು ಆಕಾಶ, ಅದರ ಮೇಲೆ ಬೆಟ್ಟ, ಕಡೆಗೆ ಹತ್ತಿರದ್ದು ಅಂಟಿಸಿದರೆ ದೂರ, ಹತ್ತಿರ ಅನ್ನೋದು ಮಕ್ಕಳಿಗೆ ಕೈಯಲ್ಲೇ ಅರ್ಥವಾಗುತ್ತೆ.

ಅವಳ ಚಿತ್ರದಲ್ಲಿ ಪಕ್ಕದ ಮನೆಯ ಕಪ್ಪು ನೀರಿನ ಟ್ಯಾಂಕೇ ಅರ್ಧ ಹಾಳೆ. ಹಳದಿ ಆಕಾಶದ ಕೆಳಗೆ ನೇರಳೆ ಬಣ್ಣದ ಬೆಟ್ಟ. ನೇರಳೆ ಯಾಕೆ ಅಂತ ಕೇಳಬಾರದು ಅಂತ ನಾಲಿಗೆ ಕಚ್ಚಿಕೊಂಡೆ. ಅವಳೇ ಹೇಳಿದಳು: "ಸಂಜೆ ಹಿಂಗೇ ಇರುತ್ತಪ್ಪ. ನೀನ್ ಆಫೀಸಿಂದ ಬರೋಷ್ಟರಲ್ಲಿ ಕಪ್ಪಗಾಗ್ಬಿಡುತ್ತೆ."

ಈ ಗುರುವಾರ ಐದೂವರೆಗೇ ಲ್ಯಾಪ್‌ಟಾಪ್ ಮುಚ್ಚಿ ಮನೆಗೆ ಬಂದು, ಅವಳ ಜೊತೆ ಟೆರೇಸ್ ಹತ್ತಿದೆ. ಹೌದು, ನೇರಳೆಯೇ.