ಕೊಂಬು, ಮೂಗು, ಕಿವಿ

ಕಳೆದ ಸಂಚಿಕೆಯಲ್ಲಿ ರಕ್ತದೊತ್ತಡದ ಬಗ್ಗೆ ಬರೆದು ಹಲವರ ಎಲೆಯಿಂದ ಉಪ್ಪಿನಕಾಯಿ ಕಿತ್ತುಕೊಂಡೆ ಎಂಬ ಆಪಾದನೆ ನನ್ನ ಮೇಲಿದೆ. ಗಾಬರಿಯಾಗಬೇಡಿ, ಈ ಸಲ ಊಟದ ತಂಟೆಗೆ ಬರುವುದಿಲ್ಲ. ಈ ಸಲ ನಾಯಿಗಳ ವಿಷಯ.

ಶುರುವಾದದ್ದು ಹ್ಯಾಮಿಲ್ಟನ್ ಮೃಗಾಲಯದಲ್ಲಿ. ಮೈಸೂರಿನಿಂದ ಬಂದಿದ್ದ ನೆಂಟರನ್ನು ಕರೆದುಕೊಂಡು ಹೋಗಿದ್ದೆವು. ಬಿಳಿ ಘೇಂಡಾಮೃಗದ ಎದುರು ನಿಂತಾಗ ಅವರ ಹತ್ತು ವರ್ಷದ ಮಗ ಕೇಳಿದ: "ಅಂಕಲ್, ನೀವು ಡಾಕ್ಟರಲ್ವಾ? ಇದರ ಕೊಂಬು ತೇದು ಕುಡಿದರೆ ಜ್ವರ ಹೋಗುತ್ತಂತೆ, ನಿಜಾನಾ?"

"ನಿನ್ನ ಉಗುರು ಕಚ್ಚಿಕೊಂಡರೆ ಎಷ್ಟು ಜ್ವರ ಇಳಿಯುತ್ತದೋ ಅಷ್ಟೇ" ಎಂದೆ. ತಮಾಷೆಯಲ್ಲ. ಕೊಂಬು ಎಂದರೆ ಕೆರಾಟಿನ್, ನಮ್ಮ ಉಗುರು ಕೂದಲುಗಳಲ್ಲಿರುವ ಅದೇ ಪ್ರೋಟೀನು. ಈ ಉಗುರಿನ ಮುದ್ದೆಗಾಗಿ ದಕ್ಷಿಣ ಆಫ್ರಿಕಾದಲ್ಲಿ 2014ರ ಒಂದೇ ವರ್ಷ 1,215 ಘೇಂಡಾಮೃಗಗಳನ್ನು ಕೊಂದರು. ಹುಡುಗ ಬಿಡಲಿಲ್ಲ. "ಮತ್ತೆ ಅವರನ್ನ ಹಿಡಿಯೋದು ಯಾರು?"

ಬಂದೂಕು ಹಿಡಿದ ಕಾವಲುಗಾರರು ಎಂದು ಹೇಳಿ ಮುಗಿಸಬಹುದಿತ್ತು. ಆದರೆ ನನಗೆ ನೆನಪಾದದ್ದು ಅಸ್ಸಾಮಿನ ಜೋರ್ಬಾ. ಕಾಜಿರಂಗದಲ್ಲಿ ಆರಣ್ಯಕ ಎಂಬ ಸಂಸ್ಥೆ 2011ರಲ್ಲಿ ಶ್ವಾನದಳ ಕಟ್ಟಿದಾಗ ಮೊದಲು ಬಂದ ಬೆಲ್ಜಿಯನ್ ಮ್ಯಾಲಿನ್ವಾ ನಾಯಿ ಅದು. ಘೇಂಡಾಮೃಗ ಸತ್ತುಬಿದ್ದ ಜಾಗದಲ್ಲಿ ಕಳ್ಳ ಬಿಟ್ಟುಹೋದ ಬೆವರಿನ ವಾಸನೆ ಸಾಕು, ಆನೆಹುಲ್ಲಿನ ನಡುವೆ ಜಾಡು ಹಿಡಿದು ಹೊರಟುಬಿಡುತ್ತದೆ. ಅಸ್ಸಾಮಿನಲ್ಲಿ 2022ರಲ್ಲಿ ಒಂದು ಘೇಂಡಾಮೃಗವೂ ಬೇಟೆಗೆ ಬಲಿಯಾಗಲಿಲ್ಲ. ಹಲವಾರು ದಶಕಗಳಲ್ಲಿ ಅಂಥ ವರ್ಷ ಬಂದಿರಲಿಲ್ಲ. ಅದೇ ವರ್ಷದ ಗಣತಿಯಲ್ಲಿ ಕಾಜಿರಂಗದಲ್ಲಿ ಸಿಕ್ಕ ಲೆಕ್ಕ 2,613. ಇದೆಲ್ಲ ನಾಯಿಯ ಪುಣ್ಯ ಎನ್ನುವಷ್ಟು ಮುಗ್ಧ ನಾನಲ್ಲ. ನಾಯಿ ಜಾಡು ಹಿಡಿದು ಕಾಡಂಚಿನ ಹಳ್ಳಿಯವರೆಗೆ ಕರೆದೊಯ್ಯುತ್ತದೆ, ಅಷ್ಟೆ. ಹೊರಗಿನವರಿಗೆ ರಾತ್ರಿ ಮಲಗಲು ಜಾಗ ಕೊಟ್ಟವರು ಯಾರು, ದಾರಿ ತೋರಿಸಿದವರು ಯಾರು, ಇದನ್ನು ಮನುಷ್ಯರೇ ಬಾಯಿಬಿಟ್ಟು ಹೇಳಬೇಕು.

ನಮ್ಮ ಬಂಡೀಪುರದಲ್ಲೂ ಒಬ್ಬನಿದ್ದ, ರಾಣಾ. ಭೋಪಾಲಿನಲ್ಲಿ ತರಬೇತಿ ಪಡೆದು ಬಂದ ಜರ್ಮನ್ ಶೆಫರ್ಡ್. ಈಗಿಲ್ಲ. ಇದ್ದಷ್ಟು ಕಾಲ ಅರಣ್ಯ ಇಲಾಖೆಗೆ ಎಷ್ಟೋ ಬೇಟೆ ಪ್ರಕರಣಗಳಲ್ಲಿ ದಾರಿ ತೋರಿಸಿದ. ಇಂಥ ನಾಯಿಗೆ ಸಂಬಳ ಏನು ಗೊತ್ತೇ? ಕೆಲಸ ಮುಗಿದ ಮೇಲೆ ಒಂದು ಚೆಂಡು, ಬೆನ್ನು ತಟ್ಟುವ ಒಂದು ಕೈ!

ಆದರೆ ಅದೇ ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ 2025ರ ಜೂನ್‌ನಲ್ಲಿ ಒಂದು ತಾಯಿಹುಲಿ, ನಾಲ್ಕು ಮರಿಗಳು ಒಟ್ಟಿಗೆ ಸತ್ತುಬಿದ್ದವು. ಹುಲಿ ಹಿಡಿದ ಹಸುವಿನ ಕಳೇಬರಕ್ಕೆ ವಿಷ ಹಾಕಿದ್ದರು. ಚರ್ಮಕ್ಕಾಗಿ ಅಲ್ಲ, ಉಗುರಿಗಾಗಿ ಅಲ್ಲ, ಹಸು ಹೋದ ಸಿಟ್ಟಿಗೆ. ಆ ಸಿಟ್ಟನ್ನು ಮೊದಲೇ ಮೂಸಿ ಹೇಳಬಲ್ಲ ನಾಯಿ ಇನ್ನೂ ಹುಟ್ಟಿಲ್ಲ. ಹಸು ಕಳೆದುಕೊಂಡವನ ಬಾಗಿಲಿಗೆ ಪರಿಹಾರ ಬೇಗ ಬಂದು, ಯಾರಾದರೂ ಕೂತು ಮಾತಾಡಿಸಿದರೆ ಆಗಬಹುದಾದ ಕೆಲಸ ಅದು.

ಇನ್ನು ನಾವಿರುವ ನಾಡಿಗೆ ಬರೋಣ. ಇಲ್ಲಿ ಘೇಂಡಾಮೃಗ ಕಾಡಿನಲ್ಲಿಲ್ಲ, ಕಿವಿ ಇದೆ. (ಕನ್ನಡದ ಮಕ್ಕಳಿಗೆ ಈ ಹೆಸರು ಹೇಳಿ ನಗಿಸದ ಅಜ್ಜಿ ಯಾರು?) ಕಾಡುಪ್ರಾಣಿ ಉಳಿಸಲು ನಾಯಿಯನ್ನು ಬಳಸಿದವರಲ್ಲಿ ನ್ಯೂಜಿಲೆಂಡಿನವರೇ ಮೊದಲಿಗರು. 1894ರಿಂದ ಫಿಯೋರ್ಡ್‌ಲ್ಯಾಂಡಿನ ರೆಸೊಲ್ಯೂಷನ್ ದ್ವೀಪದಲ್ಲಿ ಉಸ್ತುವಾರಿಗಿದ್ದ ರಿಚರ್ಡ್ ಹೆನ್ರಿ, ನಾಯಿಗೆ ಮುಖಕುಕ್ಕೆ ಕಟ್ಟಿ ಕಾಕಪೋ, ಕಿವಿಗಳನ್ನು ಹುಡುಕಿಸಿ, ಐನೂರಕ್ಕೂ ಹೆಚ್ಚು ಹಕ್ಕಿಗಳನ್ನು ದ್ವೀಪಗಳಿಗೆ ಸಾಗಿಸಿದ. ಕೊನೆಗೆ ಸ್ಟೋಟ್ ಎಂಬ ಮುಂಗುಸಿಯಂಥ ಪ್ರಾಣಿ ಅಲ್ಲಿಗೂ ಈಜಿ ಬಂದು ಅವನ ಶ್ರಮವನ್ನು ನೀರುಪಾಲು ಮಾಡಿತು, ಅದು ಬೇರೆ ಕಥೆ. ಇಂದಿಗೂ ಇಲ್ಲಿನ ಸಂರಕ್ಷಣಾ ಇಲಾಖೆಯ ನಾಯಿಗಳಲ್ಲಿ ಕೆಲವು ಹಕ್ಕಿ ಹುಡುಕುತ್ತವೆ, ಕೆಲವು ಇಲಿ, ಸ್ಟೋಟ್ ಹುಡುಕುತ್ತವೆ.

ನಾಣ್ಯಕ್ಕೆ ಇನ್ನೊಂದು ಮುಖ 1987ರದು. ನಾರ್ತ್‌ಲ್ಯಾಂಡಿನ ವೈಟಂಗಿ ಕಾಡಿನಲ್ಲಿ ಒಂದೇ ಒಂದು ಹೆಣ್ಣುನಾಯಿ ಕೆಲವೇ ವಾರಗಳಲ್ಲಿ ಸುಮಾರು 500 ಕಿವಿಗಳನ್ನು ಕೊಂದಿರಬಹುದೆಂದು ಅಂದಾಜು. ಅಧ್ಯಯನಕ್ಕೆಂದು ರೇಡಿಯೋ ಕಟ್ಟಿದ್ದ ಹಕ್ಕಿಗಳಲ್ಲಿ ಅರ್ಧಕ್ಕೂ ಹೆಚ್ಚು ಸತ್ತಿದ್ದರಿಂದ ವಿಷಯ ಬಯಲಾಯಿತು, ಇಲ್ಲದಿದ್ದರೆ ಕಾಡು ಸದ್ದಿಲ್ಲದೆ ಖಾಲಿಯಾಗುತ್ತಿತ್ತು. ಅದೂ ಜರ್ಮನ್ ಶೆಫರ್ಡೇ. ರಾಣಾನ ಜಾತಿಯೇ, ಅದೇ ಮೂಗು.

ವೈದ್ಯನಾಗಿ ಒಂದು ಮಾತು. ಹಾರುವ ಹಕ್ಕಿಗಳ ಎದೆಗೆ ಗಟ್ಟಿ ಮೂಳೆಯ ಏಣು, ಅದರ ಮೇಲೆ ದಪ್ಪ ಮಾಂಸ ಇರುತ್ತವೆ. ಕಿವಿಗೆ ಅದಿಲ್ಲ. ನಾಯಿ ಕಚ್ಚಬೇಕಿಲ್ಲ, ಆಟಕ್ಕೆ ಬಾಯಲ್ಲಿ ಒತ್ತಿದರೂ ಎದೆಗೂಡು ಕುಸಿಯುತ್ತದೆ. ಹೊರಗೆ ರಕ್ತ ಕಾಣದೇ ಇರಬಹುದು.

ಇದನ್ನು ನಾನು ತಿಳಿದುಕೊಂಡದ್ದು ತಡವಾಗಿ. ಕೆಲವು ವರ್ಷಗಳ ಹಿಂದೆ ನಾರ್ತ್‌ಲ್ಯಾಂಡಿನಲ್ಲಿ ಬಾಡಿಗೆ ಮನೆ ಹಿಡಿದು ರಜೆ ಕಳೆಯಲು ಹೋಗಿದ್ದೆವು. ರಾತ್ರಿ ಹತ್ತರ ಸುಮಾರಿಗೆ ನಮ್ಮ ಲ್ಯಾಬ್ರಡಾರ್ ಸಿಂಬನನ್ನು ಹೊರಗೆ ಬಿಟ್ಟೆ. ಬೇಲಿ ಇಲ್ಲವೆಂಬುದು ಗೊತ್ತಿತ್ತು. ಐದು ನಿಮಿಷಕ್ಕೆ ಬರಬೇಕಾದವನು ಇಪ್ಪತ್ತೈದು ನಿಮಿಷ ಬಿಟ್ಟು ಬಂದ, ಮೈತುಂಬ ಒದ್ದೆ ಎಲೆ, ಬಾಲ ಗಿರಗಿರ. ಬಾಯಲ್ಲಿ ಗರಿ ಇರಲಿಲ್ಲ. ನಾನು ಮಲಗಿದೆ. ಬೆಳಿಗ್ಗೆ ವಾಕಿಂಗ್ ಹೋದಾಗ ತಿರುವಿನಲ್ಲಿ ಫಲಕ ಕಂಡಿತು, ಇಲ್ಲಿ ಕಿವಿಗಳಿವೆ, ನಾಯಿ ಬಿಡಬೇಡಿ ಎಂದು. ಹಿಂದಿನ ಸಂಜೆ ಅದರ ಪಕ್ಕದಲ್ಲೇ ಕಾರು ಓಡಿಸಿಕೊಂಡು ಬಂದಿದ್ದೆ. ಆ ಇಪ್ಪತ್ತೈದು ನಿಮಿಷ ಸಿಂಬ ಎಲ್ಲಿದ್ದ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ.

ವಾಪಸು ಬಂದವನೇ ಅವನನ್ನು ಕಿವಿಯಿಂದ ದೂರವಿರುವ ತರಬೇತಿಗೆ ಸೇರಿಸಿದೆ. ಸತ್ತ ಕಿವಿಯ ದೇಹ, ಅದರ ವಾಸನೆಯ ಎಲೆಗಳನ್ನು ಇಟ್ಟಿರುತ್ತಾರೆ, ಮೂಸಲು ಹೋದರೆ ಕೊರಳಪಟ್ಟಿಯಿಂದ ಸಣ್ಣ ಶಾಕ್. ಮಗಳು ಕಣ್ಣು ಮುಚ್ಚಿಕೊಂಡಳು. ಸಿಂಬ ಒಂದೇ ಸಲಕ್ಕೆ ಕಲಿತ. ಆದರೂ ಕಲಿಸಿದವರೇ ಎಚ್ಚರಿಸಿದರು, ಇದನ್ನು ನಂಬಿಕೊಂಡು ಸರಪಳಿ ಬಿಚ್ಚಬೇಡಿ, ತರಬೇತಿಯನ್ನು ಮತ್ತೆ ಮತ್ತೆ ಮಾಡಿಸುತ್ತಿರಬೇಕು ಎಂದು.

ಫಂಗರೇ ಹೆಡ್ಸ್‌ನಲ್ಲಿ ಈ ಶತಮಾನದ ಆರಂಭಕ್ಕೆ ಎಂಬತ್ತರ ಆಸುಪಾಸು ಕಿವಿಗಳು ಉಳಿದಿದ್ದವಂತೆ. ಈಗ ಸಾವಿರ ದಾಟಿವೆ. ಅಲ್ಲಿನ ನಿವಾಸಿಗಳು ತಮ್ಮ ಹಿತ್ತಲುಗಳಲ್ಲಿ ತಾವೇ ಬೋನಿಟ್ಟು ಸ್ಟೋಟ್ ಹಿಡಿದರು, ನಾಯಿ ಕಟ್ಟಿದರು, ಪಕ್ಕದ ಮನೆಯವರಿಗೂ ಕಟ್ಟಲು ಹೇಳಿದರು. ಪಕ್ಕದ ಮನೆಯವರಿಗೆ ಹೇಳುವುದೇ ಕಷ್ಟ, ನಮ್ಮವರಿಗೆ ಇನ್ನೂ ಕಷ್ಟ. ನಾನೀಗ ಅದನ್ನೇ ಮಾಡುತ್ತಿದ್ದೇನೆ. ನಮ್ಮ ಸಂಘದಲ್ಲೇ ನಾಯಿ ಸಾಕಿದ ಮನೆಗಳು ಹೆಚ್ಚುತ್ತಿವೆ, ಬೇಸಿಗೆ ರಜೆಯಲ್ಲಿ ಉತ್ತರಕ್ಕೆ ಹೊರಡುವ ಕಾರುಗಳೂ ಹೆಚ್ಚುತ್ತಿವೆ. ಹೊರಡುವ ಮುನ್ನ ನನಗೊಂದು ಫೋನ್ ಮಾಡಿ, ತರಬೇತಿಯ ವಿವರ ಕೊಡುತ್ತೇನೆ. ಫೀಸ್ ಕೇಳುವುದಿಲ್ಲ, ಉಪ್ಪಿನಕಾಯಿಯ ಮಾತೂ ಎತ್ತುವುದಿಲ್ಲ.