ಸಮಾಜ ವಿಜ್ಞಾನವೂ ಕಂಠಪಾಠವೂ

ಪರೀಕ್ಷೆ ಸಮೀಪಿಸಿತೆಂದರೆ ನಮ್ಮ ವಿದ್ಯಾರ್ಥಿಗಳಿಂದ ಒಂದು ದೂರು ತಪ್ಪದೆ ಕೇಳಿಬರುತ್ತದೆ: “ಮರಾಠಿ, ಇಂಗ್ಲಿಷ್ ಮಾಧ್ಯಮದವರಿಗೆ ಅಂಗಡಿಯ ತುಂಬ ಗೈಡುಗಳಿವೆ, ಕನ್ನಡದವರಾದ ನಮಗೆ ಪಠ್ಯಪುಸ್ತಕವೊಂದೇ ಗತಿ.” ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೂ ಸಮಾಜ ವಿಜ್ಞಾನದ ಮಟ್ಟಿಗೆ ಇದು ಕೊರತೆಯಲ್ಲ, ಅನುಕೂಲವೇ ಎಂಬುದು ನಮ್ಮ ಅಭಿಪ್ರಾಯ.

ಗೈಡು ಕೊಡುವುದು ಸಿದ್ಧ ಉತ್ತರವನ್ನು. ಅದನ್ನು ಉರುಹೊಡೆದವನು ಪ್ರಶ್ನೆಯ ಮಾತು ತುಸು ಬದಲಾದೊಡನೆ ದಿಕ್ಕುಗಾಣದೆ ಕುಳಿತುಬಿಡುತ್ತಾನೆ. ಹತ್ತನೆಯ ತರಗತಿಯ ಪ್ರಶ್ನೆಪತ್ರಿಕೆಯಾದರೋ ಹೆಸರು-ಇಸವಿಗಳನ್ನು ಕೇಳಿ ಸುಮ್ಮನಾಗುವುದಿಲ್ಲ, ಕಾರಣವನ್ನೂ ಕೇಳುತ್ತದೆ. ಕಾರಣವನ್ನು ಅರಿಯಬೇಕೇ ಹೊರತು ಬಾಯಿಪಾಠ ಮಾಡಿ ಫಲವಿಲ್ಲ.

ಅರಿಯುವ ಬಗೆ ಹೇಗೆ? ಕಣ್ಣೆದುರಿನ ಊರಿನಿಂದಲೇ ಆರಂಭಿಸೋಣ. 1853ರಲ್ಲಿ ಮುಂಬಯಿಯಿಂದ ಠಾಣೆಗೆ ಬಂದ ರೈಲು ಮರುವರ್ಷ ಕಲ್ಯಾಣವನ್ನು ಮುಟ್ಟಿತು. ಅಲ್ಲಿಂದ ಹಳಿಗಳು ಎರಡಾಗಿ ಒಡೆದುದೇಕೆ? ಮುಂದೆ ಸಹ್ಯಾದ್ರಿಯು ಗೋಡೆಯಂತೆ ನಿಂತಿದೆ. ಅದನ್ನು ಏರಲು ಒಂದು ಹಾದಿ ಥಳ ಘಾಟಿನ ಮೂಲಕ ನಾಸಿಕದತ್ತ, ಇನ್ನೊಂದು ಬೋರ್ ಘಾಟಿನ ಮೂಲಕ ಪುಣೆಯತ್ತ ಸಾಗಬೇಕಾಯಿತು. ನಮ್ಮ ಅಂಬರನಾಥವು ಎರಡನೆಯ ಹಾದಿಯ ಮೇಲಿದೆ. ಸೊಲ್ಲಾಪುರ, ಕಲಬುರ್ಗಿಗಳ ಕಡೆಯಿಂದ ಹೊಟ್ಟೆಪಾಡಿಗಾಗಿ ಬಂದ ಎಷ್ಟೋ ಮನೆತನಗಳು ಈ ಘಾಟನ್ನಿಳಿದೇ ಇಲ್ಲಿ ನೆಲಸಿದವು. ಇಷ್ಟನ್ನು ತಿಳಿದವನಿಗೆ ಭೂರಚನೆಗೂ ಸಾರಿಗೆಗೂ ಇರುವ ಸಂಬಂಧವನ್ನು ಬೇರೆ ಯಾರೂ ಬರೆಯಿಸಬೇಕಾಗಿಲ್ಲ.

ಇತಿಹಾಸವೂ ಹಾಗೆಯೇ. ವಾಲಧುನಿ ನದಿಯ ದಡದ ಶಿವಾಲಯವನ್ನು ನೋಡದವರು ನಿಮ್ಮಲ್ಲಿ ವಿರಳ. ಅಲ್ಲಿಯ ಶಾಸನವು ಶಕ 982ರದು, ಅಂದರೆ 1060ನೆಯ ಇಸವಿಯದು. ಶಿಲಾಹಾರ ಅರಸ ಮುಮ್ಮುಣಿಯ ಕಾಲದ್ದು. ಈ ಶಿಲಾಹಾರರು ಮೊದಲು ಮಾನ್ಯಖೇಟದ ರಾಷ್ಟ್ರಕೂಟರ ಮಾಂಡಲಿಕರಾಗಿದ್ದರು. ಕಾನ್ಹೇರಿ ಗುಹೆಗಳ ಶಾಸನಗಳಲ್ಲಿ ನೃಪತುಂಗ ಅಮೋಘವರ್ಷನ ಹೆಸರೂ ಇದೆ. ಪರಂಪರೆಯ ರಕ್ಷಣೆಯನ್ನು ಕುರಿತ ಪ್ರಶ್ನೆ ಬಂದಾಗ, ದೂರದ ಅಜಂತೆಯ ಜೊತೆಗೆ ಮನೆಯ ಬಳಿಯ ಈ ಗುಡಿಯನ್ನೂ ಉದಾಹರಿಸಿದ ಉತ್ತರಕ್ಕೆ ಜೀವಕಳೆ ಬರುವುದಿಲ್ಲವೇ?

ಇನ್ನು ಅಭ್ಯಾಸದ ಕ್ರಮ. ಪಾಠವನ್ನು ಓದಿ ಪುಸ್ತಕವನ್ನು ಮುಚ್ಚಿರಿ. ಓದಿದ್ದನ್ನು ನಿಮ್ಮದೇ ಕನ್ನಡದಲ್ಲಿ ಐದಾರು ವಾಕ್ಯಗಳಾಗಿ ಬರೆಯಿರಿ. ಅನಂತರ ಪುಸ್ತಕ ತೆರೆದು ಬಿಟ್ಟುಹೋದುದನ್ನು ಗುರುತಿಸಿರಿ. ಭಾರತ ಮತ್ತು ಬ್ರಝೀಲಗಳ ನಕಾಶೆಗಳನ್ನು ನೋಡದೆ ತುಂಬುವ ರೂಢಿಯಾಗಲಿ. ಇತಿಹಾಸ-ರಾಜ್ಯಶಾಸ್ತ್ರಕ್ಕೆ 40, ಭೂಗೋಲಕ್ಕೆ 40 ಅಂಕಗಳು. ಪ್ರತಿಯೊಂದಕ್ಕೂ ಎರಡು ಗಂಟೆ. ಅಂದರೆ ಒಂದು ಅಂಕಕ್ಕೆ ಮೂರು ನಿಮಿಷ. ಯೋಚಿಸಿ ಬರೆಯುವವನಿಗೆ ಇದು ಸಾಕು. ಮರೆತ ಸಾಲನ್ನು ನೆನಪಿಸಿಕೊಳ್ಳುವವನಿಗೆ ಎಷ್ಟಾದರೂ ಸಾಲದು.

ಕಡೆಯದಾಗಿ ಒಂದು ಮಾತು. 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತೆಂದು ನೀವು ಓದುತ್ತೀರಿ. ಇಂದು ಹತ್ತನೆಯ ತರಗತಿಯಲ್ಲಿರುವ ನೀವು ಇನ್ನು ಕೆಲವೇ ವರ್ಷಗಳಲ್ಲಿ ಮತದಾರರಾಗುವಿರಿ. ನೀರು, ರಸ್ತೆ, ಶಾಲೆಗಳ ವಿಷಯದಲ್ಲಿ ಯಾರ ಮಾತು ನಿಜ, ಯಾರದು ಪೊಳ್ಳು ಎಂದು ಅಳೆಯಬೇಕಾದಾಗ ಸಿದ್ಧ ಉತ್ತರವನ್ನು ನಂಬಿದವನು ಪರರ ಬಾಯಿಯನ್ನೇ ನೋಡಬೇಕಾದೀತು. ‘ಏಕೆ’ ಎಂದು ಕೇಳುವ ಅಭ್ಯಾಸವು ಈಗಲೇ ಬೇರೂರಲಿ. ಅಂಕಗಳು ಅದನ್ನು ಹಿಂಬಾಲಿಸಿ ಬರುವವು.